ಟ್ರಿಗಾ ಮಾಡೆಲ್: ಒಂದೇ ಕಂಟ್ರೋಲ್ ರಾಡ್‌ಗೆ ಮೂರು ದಾರಿಯಲ್ಲಿ ಮೂರು ಉತ್ತರ, ಯಾವುದನ್ನು ನಂಬೋದು?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಟ್ರಿಗಾ ಮಾರ್ಕ್-2 ಮಾದರಿಯ ಸಂಶೋಧನಾ ರಿಯಾಕ್ಟರ್ ಒಂದರ ಮಾಡೆಲನ್ನು ಓಪನ್‌ಎಂಸಿಯಲ್ಲಿ (ನ್ಯೂಟ್ರಾನ್‌ಗಳ ಓಡಾಟವನ್ನು ಒಂದೊಂದಾಗಿ ಅನುಕರಿಸುವ ಪ್ರೋಗ್ರಾಂ) ಕಟ್ಟಿದ್ದೇನೆ. ಇಂಧನ ಯುರೇನಿಯಂ-ಜಿರ್ಕೋನಿಯಂ ಹೈಡ್ರೈಡ್, ಅದರಲ್ಲಿ ಯುರೇನಿಯಂ ತೂಕದ ಲೆಕ್ಕದಲ್ಲಿ ಶೇ. 12, ಎನ್‌ರಿಚ್‌ಮೆಂಟ್ ಶೇ. 20. ರಾಡ್ ಸ್ಥಾನ ಮತ್ತು ಕೌಂಟ್‌ಗಳ ದಾಖಲೆ ಗೈಡ್ ಮೂಲಕ ಸಿಕ್ಕಿದೆ. ಒಂದು ಶಿಮ್ ರಾಡ್‌ನ (ಒಂದು ಬಗೆಯ ಕಂಟ್ರೋಲ್ ರಾಡ್) ವರ್ತ್, ಅಂದರೆ ಅದು ರಿಯಾಕ್ಟಿವಿಟಿಯನ್ನು (ಸರಣಿ ಕ್ರಿಯೆ ಏರುವ ಇಲ್ಲವೇ ಇಳಿಯುವ ಒಲವು) ಎಷ್ಟು ಇಳಿಸಬಲ್ಲದು ಎನ್ನುವುದು, ಹೀಗೆ ಬರುತ್ತಿದೆ:

ಪೀರಿಯಡ್ ವಿಧಾನದಲ್ಲಿ (ರಾಡ್ ಸ್ವಲ್ಪ ಎತ್ತಿ, ಶಕ್ತಿ ಏರುವ ವೇಗದಿಂದ) ಹಂತಹಂತವಾಗಿ ಅಳೆದದ್ದು 2.60 ಡಾಲರ್. (ಒಂದು ಡಾಲರ್ ಅಂದರೆ ಬೀಟಾದಷ್ಟು, ಅಂದರೆ ವಿದಳನದ ಸ್ವಲ್ಪ ಹೊತ್ತಿನ ಮೇಲೆ ಹುಟ್ಟುವ ವಿಳಂಬಿತ ನ್ಯೂಟ್ರಾನ್‌ಗಳ ಪಾಲಿನಷ್ಟು ರಿಯಾಕ್ಟಿವಿಟಿ; ಅದರ ನೂರನೇ ಒಂದು ಭಾಗ ಸೆಂಟ್.)

ರಾಡ್ ಡ್ರಾಪ್‌ನಲ್ಲಿ (ರಾಡನ್ನು ಒಮ್ಮೆಲೇ ಬೀಳಿಸಿದಾಗ) ಫಿಷನ್ ಚೇಂಬರ್‌ನ (ನ್ಯೂಟ್ರಾನ್ ಡಿಟೆಕ್ಟರ್) ಕೌಂಟ್ ಸೆಕೆಂಡಿಗೆ 50,000 ಇದ್ದದ್ದು 15,100ಕ್ಕೆ ಇಳಿದಿದೆ. ಅಂದರೆ 2.31 ಡಾಲರ್.

ನನ್ನ ಲೆಕ್ಕದಲ್ಲಿ ಎಲ್ಲ ರಾಡ್ ಮೇಲಿದ್ದಾಗ ಕೆ (ಒಂದು ಪೀಳಿಗೆಯಿಂದ ಮುಂದಿನದಕ್ಕೆ ನ್ಯೂಟ್ರಾನ್ ಸಂಖ್ಯೆ ಎಷ್ಟು ಪಟ್ಟಾಗುತ್ತದೆ ಎನ್ನುವುದು) 1.03400, ಈ ರಾಡ್ ಮಾತ್ರ ಪೂರ್ತಿ ಕೆಳಗಿದ್ದಾಗ 1.01310. ಎರಡರಲ್ಲೂ ಸಿಗ್ಮಾ (ಅಂಕಿಅಂಶದ ಅನಿಶ್ಚಿತತೆ) 25 ಪಿಸಿಎಂ (ಒಂದು ಪಿಸಿಎಂ ಅಂದರೆ 0.00001). ವ್ಯತ್ಯಾಸ 2090 ಪಿಸಿಎಂ, ಅದನ್ನು 0.0065ರಿಂದ ಭಾಗಿಸಿದರೆ 3.2 ಡಾಲರ್.

ಇದರ ಜೊತೆಗೆ, ದಾಖಲೆಯಲ್ಲಿರುವ ಕ್ರಿಟಿಕಲ್ (ಶಕ್ತಿ ಏರದೆ ಇಳಿಯದೆ ಇರುವ) ಸ್ಥಾನಕ್ಕೇ ರಾಡ್‌ಗಳನ್ನು ಇಟ್ಟು ಓಡಿಸಿದರೂ ಕೆ 1.0040 ಬರುತ್ತಿದೆ, 1 ಬರಬೇಕಿತ್ತು. ಮಾಡೆಲ್ ಸರಿ ಇಲ್ಲವೋ, ಅಳತೆ ಸರಿ ಇಲ್ಲವೋ ಗೊತ್ತಾಗುತ್ತಿಲ್ಲ. ಇನ್ನೊಂದು ಕಷ್ಟ: ಮಳೆ ಶುರುವಾದ ಮೇಲೆ ಕರೆಂಟ್ ಆಗಾಗ ಹೋಗುತ್ತಿದೆ, ಉದ್ದದ ರನ್‌ಗಳು ಅರ್ಧಕ್ಕೇ ನಿಲ್ಲುತ್ತಿವೆ. ತಿಳಿದವರು ದಾರಿ ಹೇಳಿ.

ಶರಾವತಿ_ಎನ್ (ಸಾಗರ)

ಮೊದಲು ಲೆಕ್ಕದ ಕಡೆ ನೋಡೋಣ, ಅಲ್ಲಿಯ ಅಂತರವೇ ದೊಡ್ಡದು.

ಎರಡು ಕೆ ಮೌಲ್ಯಗಳನ್ನು ನೇರವಾಗಿ ಕಳೆದರೆ ರಿಯಾಕ್ಟಿವಿಟಿ ಸಿಗುವುದಿಲ್ಲ. ರಿಯಾಕ್ಟಿವಿಟಿ ಎಂದರೆ (ಕೆ − 1) ÷ ಕೆ. ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸ (ಕೆ1 − ಕೆ2) ÷ (ಕೆ1 × ಕೆ2). ನಿಮ್ಮ ಅಂಕಿಗಳನ್ನು ಹಾಕಿ: 0.02090 ÷ 1.04755 = 0.01995, ಅಂದರೆ 1995 ಪಿಸಿಎಂ. ಇಷ್ಟರಲ್ಲೇ ಸುಮಾರು ಶೇ. 5 ಇಳಿಯಿತು.

ಎರಡನೆಯದು ಬೀಟಾ. 0.0065 ಎನ್ನುವುದು ಯುರೇನಿಯಂ-235ರ ವಿದಳನದಲ್ಲಿ ಹುಟ್ಟುವ ವಿಳಂಬಿತ ನ್ಯೂಟ್ರಾನ್‌ಗಳ ಪಾಲು. ರಿಯಾಕ್ಟರ್‌ನಲ್ಲಿ ಲೆಕ್ಕಕ್ಕೆ ಬರುವುದು ಎಫೆಕ್ಟಿವ್ ಬೀಟಾ. ಪ್ರಾಂಪ್ಟ್ (ವಿದಳನದ ಕ್ಷಣದಲ್ಲೇ ಹೊರಬರುವ) ನ್ಯೂಟ್ರಾನ್ ಸರಾಸರಿ 2 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಹುಟ್ಟಿದರೆ ವಿಳಂಬಿತದ್ದು ಅರ್ಧ ಮೆಗಾ ಎಲೆಕ್ಟ್ರಾನ್ ವೋಲ್ಟ್‌ನ ಆಸುಪಾಸಿನಲ್ಲಿ ಹುಟ್ಟುತ್ತದೆ. ಟ್ರಿಗಾದಂಥ ಪುಟ್ಟ ಕೋರ್‌ನಿಂದ ವೇಗದ ನ್ಯೂಟ್ರಾನ್ ಸುಲಭವಾಗಿ ಸೋರಿಹೋಗುತ್ತದೆ, ನಿಧಾನದ್ದು ಒಳಗೇ ಉಳಿದು ಮುಂದಿನ ವಿದಳನಕ್ಕೆ ಒದಗುತ್ತದೆ. ಹಾಗಾಗಿ ಎಫೆಕ್ಟಿವ್ ಬೀಟಾ 0.0070ರಿಂದ 0.0075ರ ಒಳಗೆ ಬರುತ್ತದೆ. 0.0073 ಎಂದಿಟ್ಟುಕೊಂಡರೆ ನಿಮ್ಮ ಉತ್ತರ 1995 ÷ 730 = 2.73 ಡಾಲರ್. 3.2 ಎಲ್ಲಿ, 2.73 ಎಲ್ಲಿ!

ಆದರೆ 0.0073 ಅನ್ನು ನನ್ನ ಮಾತಿನ ಮೇಲೆ ತೆಗೆದುಕೊಳ್ಳಬೇಡಿ, ನಿಮ್ಮ ಮಾಡೆಲ್‌ನಿಂದಲೇ ತೆಗೆಯಿರಿ. ವಿಳಂಬಿತ ನ್ಯೂಟ್ರಾನ್‌ಗಳ ಉತ್ಪತ್ತಿಯನ್ನು ಆಫ್ ಮಾಡಿ ಒಮ್ಮೆ ಓಡಿಸಿ. ಆಗ ಬರುವುದು ಪ್ರಾಂಪ್ಟ್ ಕೆ. ಬೀಟಾ = 1 − (ಪ್ರಾಂಪ್ಟ್ ಕೆ ÷ ಪೂರ್ಣ ಕೆ). ಇಲ್ಲಿ ಒಂದು ಎಚ್ಚರ: 700 ಚಿಲ್ಲರೆ ಪಿಸಿಎಂ ಅನ್ನು ಎರಡು ದೊಡ್ಡ ಸಂಖ್ಯೆಗಳ ವ್ಯತ್ಯಾಸವಾಗಿ ತೆಗೆಯುತ್ತಿದ್ದೀರಿ. ಸಿಗ್ಮಾ 25 ಇದ್ದರೆ ವ್ಯತ್ಯಾಸದ ಸಿಗ್ಮಾ 35, ಅಂದರೆ ಬೀಟಾದಲ್ಲೇ ಶೇ. 5 ಅನಿಶ್ಚಿತತೆ. ಅದು ಏನಕ್ಕೂ ಸಾಲದು. ಸಿಗ್ಮಾ 10ಕ್ಕೆ ಇಳಿಸಿದರೆ ಶೇ. 2ಕ್ಕೆ ಬರುತ್ತದೆ. 25ರಿಂದ 10ಕ್ಕೆ ಇಳಿಸಲು ಹಿಸ್ಟರಿಗಳು (ಅನುಕರಿಸುವ ನ್ಯೂಟ್ರಾನ್‌ಗಳು) ಆರು ಪಟ್ಟಿಗಿಂತ ಸ್ವಲ್ಪ ಹೆಚ್ಚು ಬೇಕು. ಒಂದು ಬ್ಯಾಚ್‌ಗೆ 1 ಲಕ್ಷ ಕಣ, 1000 ಸಕ್ರಿಯ ಬ್ಯಾಚ್, ಅಂದರೆ 10 ಕೋಟಿ ಹಿಸ್ಟರಿ ಇಟ್ಟರೆ ಆ ಮಟ್ಟ ತಲುಪುತ್ತೀರಿ. ಆರಂಭದ 50ರಿಂದ 100 ಬ್ಯಾಚ್‌ಗಳನ್ನು ಬಿಟ್ಟುಬಿಡಿ. ಎಷ್ಟು ಬಿಡಬೇಕೆಂದು ಶ್ಯಾನನ್ ಎಂಟ್ರೋಪಿಯ (ವಿದಳನದ ಜಾಗಗಳ ಹಂಚಿಕೆ ನೆಲೆಗೊಂಡಿತೇ ಎಂದು ತೋರುವ ಅಳತೆ) ಗ್ರಾಫ್ ನೋಡಿ ತೀರ್ಮಾನಿಸಿ, ಅದು ಮಟ್ಟಸವಾದ ಮೇಲಷ್ಟೇ ಎಣಿಕೆ ಶುರುವಾಗಬೇಕು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ನೀವು ಲೆಕ್ಕ ಹಾಕಿದ್ದು ಉಳಿದ ರಾಡ್‌ಗಳೆಲ್ಲ ಮೇಲಿದ್ದಾಗಿನ ವರ್ತ್. ಅಂಥ ಸ್ಥಿತಿಯಲ್ಲಿ ಯಾರೂ ಅಳೆದಿರುವುದಿಲ್ಲ. ಪೀರಿಯಡ್ ವಿಧಾನದಲ್ಲಿ ಈ ರಾಡ್ ಒಂದು ಹಂತ ಮೇಲೆ ಹೋದಂತೆ ಇನ್ನೊಂದನ್ನು ಕೆಳಗಿಳಿಸಿ ಮತ್ತೆ ಕ್ರಿಟಿಕಲ್‌ಗೆ ತರುತ್ತಾರೆ. ಪಕ್ಕದ ರಾಡ್ ಎಷ್ಟು ಒಳಗಿದೆ ಎನ್ನುವುದರ ಮೇಲೆ ಈ ರಾಡ್ ಇರುವ ಜಾಗದ ಫ್ಲಕ್ಸ್ (ನ್ಯೂಟ್ರಾನ್ ದಟ್ಟಣೆ) ಬದಲಾಗುತ್ತದೆ, ವರ್ತ್ ಕೂಡ ಬದಲಾಗುತ್ತದೆ. ದಾಖಲೆಯಲ್ಲಿರುವ ಪ್ರತಿ ಹಂತದ ರಾಡ್ ಸ್ಥಾನಗಳನ್ನೇ ಮಾಡೆಲ್‌ಗೆ ಕೊಟ್ಟು ಹಂತಗಳನ್ನು ಕೂಡಿಸಿ. ಬೇಸರದ ಕೆಲಸ, ಬೇರೆ ದಾರಿ ಇಲ್ಲ.

ಕವಲೇದುರ್ಗ (ತೀರ್ಥಹಳ್ಳಿ)

ಶರಾವತಿಯವರು ಲೆಕ್ಕದ ಕಡೆ ಹೇಳಿದ್ದಕ್ಕೆ ಅಳತೆಯ ಕಡೆಯದನ್ನು ಸೇರಿಸುತ್ತೇನೆ.

ನಿಮ್ಮ 50,000 ಮತ್ತು 15,100 ಡೆಡ್ ಟೈಮ್ ತಿದ್ದಿದ ಅಂಕಿಗಳೋ, ಹಸಿ ಅಂಕಿಗಳೋ? ದಾಖಲೆಯ ತಲೆಬರಹದಲ್ಲಿ ಹುಡುಕಿ. ಪಲ್ಸ್ ಎಣಿಸುವ ಚಾನೆಲ್‌ಗೆ ಒಂದು ಪಲ್ಸ್ ಆದ ಮೇಲೆ ಇನ್ನೊಂದನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕು. ಅದೇ ಡೆಡ್ ಟೈಮ್, ಅದು 2 ಮೈಕ್ರೋಸೆಕೆಂಡ್ ಎಂದಿಟ್ಟುಕೊಳ್ಳಿ. ನಿಜವಾದ ದರ = ಅಳೆದ ದರ ÷ (1 − ಅಳೆದ ದರ × ಡೆಡ್ ಟೈಮ್). 50,000 ಎಂದು ತೋರಿಸಿದಾಗ ನಿಜವಾಗಿ ಇದ್ದದ್ದು 55,556. 15,100 ತೋರಿಸಿದಾಗ 15,570. ಮೇಲಿನದು ಶೇ. 11 ಏರಿತು, ಕೆಳಗಿನದು ಶೇ. 3. ಅನುಪಾತ 0.302 ಇದ್ದದ್ದು 0.280 ಆಯಿತು. ಪ್ರಾಂಪ್ಟ್ ಡ್ರಾಪ್ ಸೂತ್ರದ ಪ್ರಕಾರ ಡಾಲರ್ = (1 ÷ ಅನುಪಾತ) − 1, ಅಂದರೆ 2.31 ಇದ್ದದ್ದು 2.57.

ಇಷ್ಟಕ್ಕೇ ಎರಡು ವಿಧಾನವೂ ಹೊಂದಿಕೊಂಡವು ಎಂದು ಬರೆದುಬಿಡಬೇಡಿ. ರಾಡ್ ಡ್ರಾಪ್‌ನಲ್ಲಿ ಇನ್ನೂ ನಾಲ್ಕು ಕಡೆ ತಪ್ಪಬಹುದು, ಎಲ್ಲವೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ.

ಡಿಟೆಕ್ಟರ್ ಇರುವ ಜಾಗ: ಬೀಳುವ ರಾಡ್‌ನ ಪಕ್ಕದಲ್ಲೇ ಡಿಟೆಕ್ಟರ್ ಇದ್ದರೆ ಅಲ್ಲಿ ಫ್ಲಕ್ಸ್ ಇಡೀ ಕೋರ್‌ನ ಸರಾಸರಿಗಿಂತ ಹೆಚ್ಚು ಕುಸಿಯುತ್ತದೆ, ವರ್ತ್ ಜಾಸ್ತಿ ತೋರುತ್ತದೆ. ಎದುರು ಬದಿಯಲ್ಲಿದ್ದರೆ ಕಡಿಮೆ. ಇದನ್ನು ತಿದ್ದಲು ಮಾಡೆಲ್ ಬೇಕೇ ಬೇಕು. ರಾಡ್ ಮೇಲಿದ್ದಾಗ ಮತ್ತು ಕೆಳಗಿದ್ದಾಗ ಡಿಟೆಕ್ಟರ್ ಜಾಗದ ವಿದಳನ ದರವನ್ನು ಕೋರ್‌ನ ಒಟ್ಟು ವಿದಳನ ದರದಿಂದ ಭಾಗಿಸಿ, ಎರಡರ ಅನುಪಾತವನ್ನು ತಿದ್ದುಪಡಿಯಾಗಿ ಬಳಸಿ. ಗೋಡೆಯಾಚೆ, ಗ್ರಾಫೈಟ್‌ನ ಹಿಂದೆ ಇರುವ ಡಿಟೆಕ್ಟರ್‌ಗೆ ಟ್ಯಾಲಿಯ (ಮಾಡೆಲ್ ಮಾಡುವ ಎಣಿಕೆಯ) ಅಂಕಿಅಂಶ ಬೇಗ ಕೂಡುವುದಿಲ್ಲ, ಅದಕ್ಕೆ ತಾಳ್ಮೆ ಬೇಕು.

ಓದುವ ಕ್ಷಣ: ರಾಡ್ ತಳ ಮುಟ್ಟುವ ಮೊದಲೇ ಓದಿದರೆ ವರ್ತ್ ಕಡಿಮೆ ಬರುತ್ತದೆ. ತಡವಾಗಿ ಓದಿದರೆ ಅಷ್ಟರಲ್ಲಿ ಅಲ್ಪಾಯುಷಿ ಪ್ರಿಕರ್ಸರ್‌ಗಳು (ವಿಳಂಬಿತ ನ್ಯೂಟ್ರಾನ್ ಬಿಡುವ ವಿದಳನೋತ್ಪನ್ನಗಳು) ಖಾಲಿಯಾಗಿ ಕೌಂಟ್ ಇನ್ನಷ್ಟು ಇಳಿದಿರುತ್ತದೆ, ವರ್ತ್ ಹೆಚ್ಚು ಬರುತ್ತದೆ.

ಗಾಮಾ: ವಿದಳನ ನಿಂತರೂ ವಿದಳನೋತ್ಪನ್ನಗಳ ಗಾಮಾ ನಿಲ್ಲುವುದಿಲ್ಲ. ಹಿಂದಿನ ದಿನ ಪೂರ್ಣ ಶಕ್ತಿಯಲ್ಲಿ ಓಡಿದ ರಿಯಾಕ್ಟರ್‌ನಲ್ಲಿ ಅಯಾನೈಸೇಷನ್ ಚೇಂಬರ್ ಬಳಸಿದರೆ ಡ್ರಾಪ್ ಆದ ಮೇಲಿನ ಓದು ಮೇಲೆಯೇ ನಿಲ್ಲುತ್ತದೆ. ನಿಮ್ಮದು ಪಲ್ಸ್ ಮೋಡ್‌ನ ಫಿಷನ್ ಚೇಂಬರ್ ಆದ್ದರಿಂದ ಡಿಸ್ಕ್ರಿಮಿನೇಟರ್ (ಚಿಕ್ಕ ಪಲ್ಸ್‌ಗಳನ್ನು ತಳ್ಳಿಹಾಕುವ ಮಿತಿ) ಸರಿಯಾಗಿದ್ದರೆ ಈ ಕಾಟ ಕಡಿಮೆ. ನಾಲ್ಕನೆಯದು ಸ್ಟಾರ್ಟಪ್ ಸೋರ್ಸ್ (ರಿಯಾಕ್ಟರ್ ಶುರುಮಾಡಲು ಇಟ್ಟ ನ್ಯೂಟ್ರಾನ್ ಮೂಲ). ಅಳತೆ ತೀರಾ ಕಡಿಮೆ ಶಕ್ತಿಯಲ್ಲಿ ನಡೆದಿದ್ದರೆ ಸೋರ್ಸ್‌ನ ಪಾಲು ಲೆಕ್ಕಕ್ಕೆ ಬರುತ್ತದೆ.

ಪೀರಿಯಡ್ ವಿಧಾನದ 2.60 ಕೂಡ ಪರೀಕ್ಷೆ ಇಲ್ಲದೆ ಒಪ್ಪುವಂಥದ್ದಲ್ಲ. ಪ್ರತಿ ಹಂತದ ದಾಖಲೆಯಲ್ಲಿ ರಾಡ್ ಎತ್ತಿದ ಎಷ್ಟು ಹೊತ್ತಿನ ಮೇಲೆ ಸಮಯ ಹಿಡಿದಿದ್ದಾರೆ ನೋಡಿ. ರಾಡ್ ಎತ್ತಿದ ಕೂಡಲೇ ಏರಿಕೆ ಬಿರುಸಾಗಿರುತ್ತದೆ, ಸ್ಥಿರ ಪೀರಿಯಡ್‌ಗೆ (ಶಕ್ತಿ 2.718 ಪಟ್ಟಾಗಲು ಹಿಡಿಯುವ ಕಾಲ) ಬರಲು ಒಂದೆರಡು ನಿಮಿಷ ಬೇಕು. ಕಾಯದೆ ಅಳೆದರೆ ಪೀರಿಯಡ್ ಚಿಕ್ಕದಾಗಿ ಕಂಡು ರಿಯಾಕ್ಟಿವಿಟಿ ಹೆಚ್ಚು ಬರುತ್ತದೆ. 30 ಸೆಕೆಂಡ್ ಪೀರಿಯಡ್ ಅಂದರೆ 22.7 ಸೆಂಟ್, 28 ಸೆಕೆಂಡ್ ಅಂದರೆ 23.6 ಸೆಂಟ್. ಒಂದು ಹಂತದಲ್ಲಿ ಒಂದು ಸೆಂಟ್ ಏನು ಮಹಾ ಅನ್ನಿಸಬಹುದು. ಆದರೆ 2.60 ಡಾಲರ್ ತಲುಪಲು ಹನ್ನೆರಡು ಹಂತವಾದರೂ ಬೇಕು, ಎಲ್ಲದರಲ್ಲೂ ಅದೇ ಆತುರ ಇದ್ದರೆ 11 ಸೆಂಟ್ ಕೂಡಿಬಿಡುತ್ತದೆ. ಆಮೇಲೆ ಶಕ್ತಿ: ಕೆಲವು ಹತ್ತು ವ್ಯಾಟ್ ದಾಟಬಾರದು. ಟ್ರಿಗಾ ಇಂಧನ 1 ಡಿಗ್ರಿ ಬಿಸಿಯಾದರೆ ಸುಮಾರು 10 ಪಿಸಿಎಂ ಕಳೆದುಕೊಳ್ಳುತ್ತದೆ, ಅಂದರೆ ಒಂದು ಸೆಂಟ್‌ಗಿಂತ ಹೆಚ್ಚು.

ಭದ್ರಾ_ಬಲದಂಡೆ (ಭದ್ರಾವತಿ)

ಕೆ 1.0040 ಬರುವುದರ ಬಗ್ಗೆ ಯಾರೂ ಹೇಳಿಲ್ಲ, ಅದನ್ನು ನಾನು ತೆಗೆದುಕೊಳ್ಳುತ್ತೇನೆ.

ಆ 400 ಪಿಸಿಎಂ ನೋಡಿ ಗಾಬರಿ ಬೇಡ. ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ 1966ರಿಂದ ನಡೆಯುತ್ತಿರುವ 250 ಕಿಲೋವ್ಯಾಟ್ ಟ್ರಿಗಾದಲ್ಲಿ ಹೊಸ ಇಂಧನ ತುಂಬಿ ಬಹಳ ಜಾಗ್ರತೆಯಿಂದ ಮಾಡಿದ ಕ್ರಿಟಿಕಾಲಿಟಿ ಪ್ರಯೋಗವೇ ಅಂತರರಾಷ್ಟ್ರೀಯ ಬೆಂಚ್‌ಮಾರ್ಕ್ ಕೈಪಿಡಿಯಲ್ಲಿ ಸೇರಿದೆ. ಅದರ ಕೆ ಮೌಲ್ಯಕ್ಕೆ ಕೊಟ್ಟಿರುವ ಅನಿಶ್ಚಿತತೆಯೇ 560 ಪಿಸಿಎಂ. ಕಾರಣ ಇಂಧನದಲ್ಲಿರುವ ಯುರೇನಿಯಂ ತೂಕ, ಹೈಡ್ರೋಜನ್-ಜಿರ್ಕೋನಿಯಂ ಅನುಪಾತ, ಕಲ್ಮಶಗಳು ಇವನ್ನೆಲ್ಲ ಅದಕ್ಕಿಂತ ನಿಖರವಾಗಿ ತಿಳಿಯುವುದು ಕಷ್ಟ. ಬಳಸಿದ ಇಂಧನ ಇರುವ ಕೋರ್ ಆದರೆ ಬರ್ನಪ್‌ನ (ಎಷ್ಟು ಇಂಧನ ಉರಿದಿದೆ ಎನ್ನುವುದರ) ಅನುಮಾನವೂ ಸೇರುತ್ತದೆ.

ರಾಡ್ ವರ್ತ್‌ಗೆ ಇದರ ತೊಂದರೆ ಅಷ್ಟಿಲ್ಲ. ಮಂಡಿಯಲ್ಲಿ ಅಡಿಕೆ ಮೂಟೆಯನ್ನು ಅದೇ ತಕ್ಕಡಿಯಲ್ಲಿ ಎರಡು ಸಲ ತೂಗಿ ವ್ಯತ್ಯಾಸ ನೋಡಿದರೆ, ತಕ್ಕಡಿಯ ಸೊನ್ನೆ ಸರಿದಿದ್ದರೂ ವ್ಯತ್ಯಾಸ ಸರಿಯೇ ಬರುತ್ತದಲ್ಲ, ಹಾಗೆ. ಎರಡೂ ಸ್ಥಿತಿಗಳಲ್ಲಿ ಒಂದೇ ಇಂಧನ, ಒಂದೇ ನ್ಯೂಕ್ಲಿಯರ್ ಡೇಟಾ. ಸಾಮಾನ್ಯ ತಪ್ಪಿನ ಬಹುಪಾಲು ಕಳೆದುಹೋಗುತ್ತದೆ. ಅದಕ್ಕೇ ಮಾಡೆಲ್ ಒರೆಗೆ ಹಚ್ಚುವಾಗ ಕೆ ಒಂದನ್ನೇ ಹೋಲಿಸುವುದಕ್ಕಿಂತ ರಾಡ್ ವರ್ತ್, ಒಂದು ಇಂಧನ ಸರಳು ತೆಗೆದಾಗಿನ ವ್ಯತ್ಯಾಸ, ನೀರಿನ ಉಷ್ಣತೆ ಬದಲಾದಾಗಿನ ವ್ಯತ್ಯಾಸ ಇವನ್ನು ಹೋಲಿಸುವುದು ಹೆಚ್ಚು ಬೆಲೆಯುಳ್ಳದ್ದು. ಕೆ 1 ಬರಲಿ ಎಂದು ಇಂಧನದ ಸಾಂದ್ರತೆಯನ್ನೋ ಗ್ರಾಫೈಟ್‌ನ ಬೋರಾನ್ ಅಂಶವನ್ನೋ ತಿರುಚಬೇಡಿ. ಹಾಗೆ ಹೊಂದಿಸಿದ ಮಾಡೆಲ್ ಮುಂದಿನ ಅಳತೆಯಲ್ಲಿ ಏಕೆ ತಪ್ಪಿತು ಎಂದು ಹುಡುಕಲೂ ಆಗುವುದಿಲ್ಲ.

ನೋಡಬೇಕಾದ್ದು ಇವು. ಹೈಡ್ರೈಡ್‌ನಲ್ಲಿರುವ ಹೈಡ್ರೋಜನ್‌ಗೂ ಜಿರ್ಕೋನಿಯಂಗೂ ಅವುಗಳದ್ದೇ ಥರ್ಮಲ್ ಸ್ಕ್ಯಾಟರಿಂಗ್ ಡೇಟಾ (ನಿಧಾನದ ನ್ಯೂಟ್ರಾನ್ ಆ ವಸ್ತುವಿನ ಪರಮಾಣುಗಳಿಗೆ ಬಡಿದು ಚೆದುರುವ ಮಾಹಿತಿ) ಹಾಕಿದ್ದೀರಾ? ನೀರಿನದನ್ನೇ ಇಂಧನಕ್ಕೂ ಹಾಕಿದರೆ, ಅಥವಾ ಏನನ್ನೂ ಹಾಕದೆ ಬಿಟ್ಟರೆ, ಫಲಿತಾಂಶಕ್ಕೆ ಅರ್ಥವೇ ಇರುವುದಿಲ್ಲ. ಟ್ರಿಗಾದ ಜೀವವೇ ಆ ಹೈಡ್ರೈಡ್. ಇಂಧನದ ನಡುವೆ ಹಾದುಹೋಗುವ ತೆಳು ಜಿರ್ಕೋನಿಯಂ ಸರಳು, ಮೇಲೆ ಕೆಳಗೆ ಇರುವ ಗ್ರಾಫೈಟ್ ತುಂಡುಗಳು ಇವೆಯಾ? ಕಂಟ್ರೋಲ್ ರಾಡ್‌ನ ಕೆಳಭಾಗದಲ್ಲಿ ಇಂಧನ ಇರುವ ಮಾದರಿಯೋ, ಬರೀ ಹೀರುಗವೋ? ಹೀರುಗ ಬೋರಾನ್ ಕಾರ್ಬೈಡ್ ಆಗಿದ್ದರೆ ಅದರ ಸಾಂದ್ರತೆಗಿಂತ ವ್ಯಾಸದ ಬಗ್ಗೆ ಹೆಚ್ಚು ನಿಗಾ ಇಡಿ. ಥರ್ಮಲ್ ನ್ಯೂಟ್ರಾನ್‌ಗಳು ಹೊರಮೈಯಲ್ಲೇ ಹೀರಿಹೋಗುವುದರಿಂದ ಒಳಗೆ ಎಷ್ಟು ಬೋರಾನ್ ಇದೆ ಎನ್ನುವುದು ಎರಡನೇ ಮಾತು.

ರಾಡ್‌ನ ಸೊನ್ನೆ ಸ್ಥಾನವನ್ನೂ ಮರೆಯಬೇಡಿ. ಕಂಟ್ರೋಲ್ ರೂಮಿನ ಸೊನ್ನೆಗೂ ನಿಮ್ಮ ಮಾಡೆಲ್‌ನಲ್ಲಿ ಇಂಧನದ ತಳಕ್ಕೂ 1 ಸೆಂಟಿಮೀಟರ್ ವ್ಯತ್ಯಾಸ ಇದೆ ಎಂದುಕೊಳ್ಳಿ. ಇಂಧನದ ಎತ್ತರ 38.1 ಸೆಂಟಿಮೀಟರ್. ರಾಡ್ ಸ್ಥಾನಕ್ಕೆ ತಕ್ಕಂತೆ ವರ್ತ್ ತೋರಿಸುವ ಎಸ್ ಆಕಾರದ ಕರ್ವ್‌ನ ನಡುಭಾಗದಲ್ಲಿ ಇಳಿಜಾರು ಸರಾಸರಿಯ ಎರಡರಷ್ಟು, ಅಂದರೆ 2.60 ಡಾಲರ್ ರಾಡ್‌ಗೆ ಸೆಂಟಿಮೀಟರ್‌ಗೆ 13.6 ಸೆಂಟ್. ಒಟ್ಟು ವರ್ತ್ ಚೆನ್ನಾಗಿ ಹೊಂದಿ ನಡುವಿನ ಬಿಂದುಗಳು ಮಾತ್ರ ಒಂದೇ ಕಡೆಗೆ ತಪ್ಪುತ್ತಿದ್ದರೆ ಮೊದಲು ಸೊನ್ನೆಯನ್ನು ಅನುಮಾನಿಸಿ.

ಅಳತೆ ನಡೆದ ದಿನದ ಹಿಂದೆ ಮೂರು ದಿನವಾದರೂ ರಿಯಾಕ್ಟರ್ ನಿಂತಿತ್ತೇ ಎಂದು ಕೇಳಿ. ನ್ಯೂಟ್ರಾನ್ ಹೀರುವ ಜಿನಾನ್-135ರ ಅರ್ಧಾಯು 9.14 ಗಂಟೆ, ಅದನ್ನು ಹುಟ್ಟಿಸುವ ಅಯೋಡಿನ್-135ರದ್ದು 6.57 ಗಂಟೆ. ಜಿನಾನ್ ಕರಗುತ್ತಿರುವಾಗ ಬೆಳಗ್ಗೆ ಶುರುಮಾಡಿ ಸಂಜೆ ಮುಗಿಸಿದ ಅಳತೆಯಲ್ಲಿ ಮೊದಲ ಹಂತವೂ ಕೊನೆಯ ಹಂತವೂ ಒಂದೇ ಕೋರ್‌ನವಲ್ಲ.

ಕರೆಂಟ್ ವಿಷಯ: ಓಪನ್‌ಎಂಸಿ ಸುಮ್ಮನೆ ಬಿಟ್ಟರೆ ಸ್ಟೇಟ್‌ಪಾಯಿಂಟ್ (ರನ್‌ನ ಸ್ಥಿತಿ ಉಳಿಸುವ) ಫೈಲನ್ನು ಕೊನೆಯ ಬ್ಯಾಚ್‌ನಲ್ಲಿ ಮಾತ್ರ ಬರೆಯುತ್ತದೆ. 20 ಬ್ಯಾಚ್‌ಗೆ ಒಂದರಂತೆ ಬರೆಯಲು ಸೆಟ್ಟಿಂಗ್ಸ್‌ನಲ್ಲಿ ಬ್ಯಾಚ್ ಪಟ್ಟಿ ಕೊಡಿ. ಅದರಲ್ಲಿ ಸೋರ್ಸ್ ಬ್ಯಾಂಕ್ (ಮುಂದಿನ ಬ್ಯಾಚ್ ಶುರುಮಾಡುವ ನ್ಯೂಟ್ರಾನ್‌ಗಳ ಪಟ್ಟಿ) ಕೂಡ ಉಳಿಯಬೇಕು. ಕರೆಂಟ್ ಬಂದ ಮೇಲೆ ಆ ಫೈಲ್‌ನಿಂದ ರೀಸ್ಟಾರ್ಟ್ ಮಾಡಿದರೆ ನಿಂತಲ್ಲಿಂದ ಮುಂದುವರಿಯುತ್ತದೆ, ಹಿಂದಿನ ಟ್ಯಾಲಿಯೂ ಸೇರುತ್ತದೆ. ಹತ್ತು ನಿಮಿಷ ತಡೆಯುವ ಯುಪಿಎಸ್ ಒಂದಿದ್ದರೆ ಫೈಲ್ ಬರೆಯುವ ನಡುವೆಯೇ ಕರೆಂಟ್ ಹೋಗಿ ಕೆಡುವುದು ತಪ್ಪುತ್ತದೆ. ಆಷಾಢದಲ್ಲಿ ಮರ ಬಿದ್ದು ಲೈನ್ ಹೋದರೆ ಬರುವುದು ಎಂದಿಗೋ. ಉದ್ದದ ರನ್ ಒಂದರ ಬದಲು ಬೇರೆ ಬೇರೆ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಆರಂಭದ ಅಂಕಿ) ಕೊಟ್ಟು ನಾಲ್ಕು ಚಿಕ್ಕ ರನ್ ಮಾಡಿ ಸರಾಸರಿ ತೆಗೆದರೂ ನಡೆಯುತ್ತದೆ. ನಾಲ್ಕರ ಚೆದುರು ಪ್ರೋಗ್ರಾಂ ಹೇಳುವ ಸಿಗ್ಮಾಗೆ ಹೊಂದುತ್ತದೆಯೇ ಎಂದೂ ನೋಡಿದಂತಾಗುತ್ತದೆ.

ತುಂಗಾತೀರ (ಶಿವಮೊಗ್ಗ)

ಮೂವರಿಗೂ ಅನಂತ ಧನ್ಯವಾದ. ದಾಖಲೆಯ ರಾಡ್ ಸ್ಥಾನಗಳನ್ನೇ ಕೊಟ್ಟು ಹಂತಹಂತವಾಗಿ ಓಡಿಸಿದೆ. ಒಟ್ಟು 1930 ಪಿಸಿಎಂ, ಪ್ರಾಂಪ್ಟ್ ಕೆ ದಾರಿಯಿಂದ ಎಫೆಕ್ಟಿವ್ ಬೀಟಾ 728 ಪಿಸಿಎಂ, ಅಂದರೆ 2.65 ಡಾಲರ್. ಕೌಂಟ್‌ಗಳು ಹಸಿ ಅಂಕಿಗಳೇ, ಡೆಡ್ ಟೈಮ್ 2 ಮೈಕ್ರೋಸೆಕೆಂಡ್ ಎಂದು ದಾಖಲೆಯಲ್ಲೇ ಇದೆ. ರಾಡ್ ಡ್ರಾಪ್‌ನ ಇಡೀ ಕೌಂಟ್ ದಾಖಲೆ 0.1 ಸೆಕೆಂಡ್ ಅಂತರದಲ್ಲಿ ಇದೆ. ಎರಡು ಬಿಂದುಗಳ ಬದಲು ಅದನ್ನೆಲ್ಲ ಬಳಸಬಹುದೇ?

ಕವಲೇದುರ್ಗ (ತೀರ್ಥಹಳ್ಳಿ)

ಖಂಡಿತ, ಬಳಸಲೇಬೇಕು. ಇದಕ್ಕೆ ಇನ್ವರ್ಸ್ ಕೈನೆಟಿಕ್ಸ್ (ಕೌಂಟ್‌ನ ಏರಿಳಿತದಿಂದ ಹಿಂದಕ್ಕೆ ರಿಯಾಕ್ಟಿವಿಟಿ ತೆಗೆಯುವುದು) ಎನ್ನುತ್ತಾರೆ, ಸ್ಪ್ರೆಡ್‌ಶೀಟ್‌ನಲ್ಲೇ ಮಾಡಬಹುದು.

ಯುರೇನಿಯಂ-235ಕ್ಕೆ ಪ್ರಿಕರ್ಸರ್‌ಗಳ ಆರು ಗುಂಪುಗಳ ಕ್ಷಯ ದರ, ಸೆಕೆಂಡಿಗೆ: 0.0124, 0.0305, 0.111, 0.301, 1.14, 3.01. ಅದೇ ಕ್ರಮದಲ್ಲಿ ಪಾಲುಗಳು: 0.033, 0.219, 0.196, 0.395, 0.115, 0.042. ಮೊದಲು ಎಲ್ಲ ಕೌಂಟ್‌ಗೂ ಡೆಡ್ ಟೈಮ್ ತಿದ್ದಿ. ಪ್ರತಿ ಗುಂಪಿಗೆ ಒಂದು ಕಾಲಂ ಇಡಿ. ಆರಂಭದ ಮೌಲ್ಯ = ಪಾಲು × ಸ್ಥಿರವಾಗಿದ್ದಾಗಿನ ಕೌಂಟ್. ಅಲ್ಲಿಂದ ಮುಂದೆ ಪ್ರತಿ ಸಾಲಿಗೂ: ಹೊಸ ಮೌಲ್ಯ = ಹಳೆ ಮೌಲ್ಯ × ಉಳಿಕೆ + ಪಾಲು × ಆ ಅಂತರದ ಸರಾಸರಿ ಕೌಂಟ್ × (1 − ಉಳಿಕೆ). ಉಳಿಕೆ ಎಂದರೆ ಒಂದು ಅಂತರದಲ್ಲಿ ಕ್ಷಯಿಸದೆ ಉಳಿಯುವ ಭಾಗ, 0.1 ಸೆಕೆಂಡಿಗೆ ಅದು ಮೊದಲ ಗುಂಪಿನಲ್ಲಿ 0.99876, ಆರನೆಯದರಲ್ಲಿ 0.740. ನಿಮ್ಮ ಶೀಟಿನಲ್ಲಿ ಇವು ಬಂದವೋ ನೋಡಿಕೊಳ್ಳಿ. ಕೊನೆಗೆ ಡಾಲರ್ = 1 − (ಆರು ಕಾಲಂಗಳ ಮೊತ್ತ + ಸೋರ್ಸ್) ÷ ಕೌಂಟ್. ಕೌಂಟ್‌ನ ಬದಲಾವಣೆಯ ವೇಗ ಸೇರುವ ಪದ ಒಂದಿದೆ, ಆದರೆ ಟ್ರಿಗಾದಲ್ಲಿ ಪ್ರಾಂಪ್ಟ್ ಪೀಳಿಗೆಯ ಕಾಲ ಕೆಲವು ಹತ್ತು ಮೈಕ್ರೋಸೆಕೆಂಡ್ ಮಾತ್ರ. ಆ ಪದ ಸೇರಿಸಿದರೆ ಲಾಭಕ್ಕಿಂತ ಗದ್ದಲವೇ ಹೆಚ್ಚು.

ಡ್ರಾಪ್‌ಗೆ ಮೊದಲು ಶಕ್ತಿ ಏಳೆಂಟು ನಿಮಿಷ ಕದಲದೆ ಇತ್ತೇ ಎಂದು ನೋಡಿ. ಮೊದಲ ಗುಂಪಿನ ಸರಾಸರಿ ಆಯುಷ್ಯ 80 ಸೆಕೆಂಡ್, ಅದು ತುಂಬಿಕೊಳ್ಳಲು ಐದು ಪಟ್ಟು ಬೇಕು. ಇಲ್ಲದಿದ್ದರೆ ಆರಂಭದ ಮೌಲ್ಯವೇ ಸುಳ್ಳು.

ಫಲಿತಾಂಶದ ಗ್ರಾಫ್ ರಾಡ್ ಬಿದ್ದ ಮೇಲೆ ಚಪ್ಪಟೆಯಾಗಿ ನಿಲ್ಲಬೇಕು. ಮೆಲ್ಲಗೆ ಸೊನ್ನೆಯ ಕಡೆ ಏರುತ್ತಾ ಹೋದರೆ ಸೋರ್ಸ್ ಬಿಟ್ಟುಹೋಗಿದೆ, ಇಲ್ಲವೇ ಗಾಮಾದ ಹಿನ್ನೆಲೆ ಸೇರಿದೆ. ಗ್ರಾಫ್ ಚಪ್ಪಟೆಯಾಗುವ ತನಕ ಸೋರ್ಸ್ ಮೌಲ್ಯ ಬದಲಿಸಿ ನೋಡಬಹುದು. ಆದರೆ ಅದರಿಂದ ಬರುವ ಸೋರ್ಸ್, ರಿಯಾಕ್ಟರ್ ಪೂರ್ತಿ ನಿಂತಾಗಿನ ಕೌಂಟ್‌ಗೆ ತಾಳೆಯಾಗಬೇಕು. ಡಿಟೆಕ್ಟರ್ ಜಾಗದ ತಿದ್ದುಪಡಿ ಇಲ್ಲೂ ಬೇಕು, ಇನ್ವರ್ಸ್ ಕೈನೆಟಿಕ್ಸ್ ಅದನ್ನು ತಾನಾಗಿ ಸರಿಪಡಿಸುವುದಿಲ್ಲ.

ಶರಾವತಿ_ಎನ್ (ಸಾಗರ)

ಕವಲೇದುರ್ಗದವರು ಕೊಟ್ಟ ಆರು ಗುಂಪುಗಳ ಅಂಕಿಗಳಿಗೆ ಒಂದು ಮಿತಿ ಹೇಳಬೇಕು, ಏಕೆಂದರೆ ಇದನ್ನು ಓದಿ ನಮ್ಮ ದೇಶದ ರಿಯಾಕ್ಟರ್‌ಗಳಿಗೆ ಹಾಗೇ ಹಚ್ಚುವವರು ಇರುತ್ತಾರೆ. ಭಾರತದಲ್ಲಿ ಟ್ರಿಗಾ ಇಲ್ಲ. ಟ್ರಾಂಬೆಯಲ್ಲಿ 2018ರಲ್ಲಿ ಶುರುವಾದ ಅಪ್ಸರಾ-ಯು ಕೋರ್‌ನ ಸುತ್ತ ಬೆರಿಲಿಯಂ ಆಕ್ಸೈಡ್ ಇದೆ. 1985ರ ಧ್ರುವ ಭಾರಜಲದ್ದು, ನಮ್ಮ ಪಕ್ಕದ ಕೈಗಾದ ವಿದ್ಯುತ್ ರಿಯಾಕ್ಟರ್‌ಗಳೂ ಭಾರಜಲದವೇ. ಬೆರಿಲಿಯಂ 1.67, ಡ್ಯೂಟೀರಿಯಂ 2.22 ಮೆಗಾ ಎಲೆಕ್ಟ್ರಾನ್ ವೋಲ್ಟ್ ಮೀರಿದ ಗಾಮಾ ತಗುಲಿದರೆ ನ್ಯೂಟ್ರಾನ್ ಬಿಡುತ್ತವೆ. ಅದು ರಿಯಾಕ್ಟರ್ ನಿಂತ ಮೇಲೂ ಗಂಟೆಗಟ್ಟಲೆ ಮುಂದುವರಿಯುತ್ತದೆ. ಅಲ್ಲಿ ಈ ಫೋಟೋನ್ಯೂಟ್ರಾನ್‌ಗಳ ಗುಂಪುಗಳನ್ನು ಸೇರಿಸದೆ ಪೀರಿಯಡ್‌ನಿಂದಾಗಲಿ ಡ್ರಾಪ್‌ನಿಂದಾಗಲಿ ಸರಿ ಉತ್ತರ ಬರದು. ಕಲ್ಪಾಕ್ಕಂನ ಕಾಮಿನಿ ರಿಯಾಕ್ಟರ್, 1996ರದ್ದು, 30 ಕಿಲೋವ್ಯಾಟ್, ಇಂಧನ ಯುರೇನಿಯಂ-233. ಅದರ ಬೀಟಾ 0.0026ರ ಸುತ್ತ. ಅಲ್ಲಿನ ಒಂದು ಡಾಲರ್, ಟ್ರಿಗಾದ 36 ಸೆಂಟ್‌ನಷ್ಟೂ ಇಲ್ಲ. ಪಿಸಿಎಂ ಲೆಕ್ಕದಲ್ಲಿ ಚಿಕ್ಕದೆನಿಸುವ ತಪ್ಪು ಅಲ್ಲಿ ದೊಡ್ಡದು.

ತುಂಗಾತೀರ ಅವರೇ, ನಿಮ್ಮ 2.65ಕ್ಕೆ ಅನಿಶ್ಚಿತತೆ ಹಾಕದೆ ವರದಿಗೆ ಸೇರಿಸಬೇಡಿ. ಸಿಗ್ಮಾ 10 ಪಿಸಿಎಂ ಇದ್ದರೆ ವರ್ತ್‌ನಲ್ಲಿ ಶೇ. 1ಕ್ಕಿಂತ ಕಡಿಮೆ, ಬೀಟಾದಲ್ಲಿ ಶೇ. 2, ಒಟ್ಟು 2.65 ± 0.05. ಹಂತಗಳನ್ನು ಪ್ರತ್ಯೇಕ ರನ್‌ಗಳಾಗಿ ಓಡಿಸಿದ್ದೀರಿ, ಹಾಗಾಗಿ ಪ್ರತಿ ಹಂತದ ಎರಡು ಕೆಗಳ ಸಿಗ್ಮಾವನ್ನೂ ವರ್ಗಮೊತ್ತದಲ್ಲಿ ಕೂಡಿಸಿ ನೋಡಿ, ವರ್ತ್‌ನ ಅನಿಶ್ಚಿತತೆ ಆ ಶೇ. 1ರ ಅಂದಾಜಿಗಿಂತ ಬೆಳೆಯುತ್ತದೆ. ಅಳತೆಯ 2.60ಕ್ಕೆ ಶೇ. 3ರಿಂದ 5 ಇಡುವುದು ವಾಸ್ತವಕ್ಕೆ ಹತ್ತಿರ. ಅಳತೆಯಲ್ಲಿ ಪೀರಿಯಡ್‌ನಿಂದ ಡಾಲರ್‌ಗೆ ಬರಲು ಯಾವ ಗುಂಪು ಡೇಟಾ ಬಳಸಿದ್ದಾರೆ, ನಿಮ್ಮ ಬೀಟಾ ಯಾವ ನ್ಯೂಕ್ಲಿಯರ್ ಡೇಟಾ ಲೈಬ್ರರಿಯದು, ಎರಡನ್ನೂ ಅದೇ ಸಾಲಿನಲ್ಲಿ ಬರೆಯಿರಿ. ಲೈಬ್ರರಿ ಬದಲಾದರೆ ಅಷ್ಟರಿಂದಲೇ ಉತ್ತರ ಕೆಲವು ಶೇಕಡಾ ಅಲುಗಾಡುತ್ತದೆ. ಮತ್ತು ಆ 1.0040ನ್ನು ಮುಚ್ಚಿಡಬೇಡಿ, ಬಯಾಸ್ (ಮಾಡೆಲ್‌ನ ಒಂದೇ ಕಡೆಯ ತಪ್ಪು) +400 ಪಿಸಿಎಂ ಎಂದೇ ಕೋಷ್ಟಕದ ಮೊದಲ ಸಾಲಿನಲ್ಲಿ ಹಾಕಿ.